ಎರಿಯಾಕಿ ಹನಮಂತವ್ವನ ಬಾಣಂತನ

ಲಕ್ಷ್ಮೇಶ್ವರದ ಯಾವ ಓಣಿಯಲ್ಲಿ ಕೂಸು ಹುಟ್ಟಿದರೂ, ಅಟ್ಟದ ಮೇಲಿನ ತೊಟ್ಟಿಲು ಕೆಳಗಿಳಿಯುವ ಮೊದಲೇ ಆ ಮನೆಯವರೊಬ್ಬರು ಹನಮಂತವ್ವನ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. "ನಾಡಿದ್ದ ದವಾಖಾನಿಯಿಂದ ಕರಕೊಂಡ ಬರ್ತೇವಿ, ಎರಿಯಾಕ ಬರಬೇಕ ನೋಡು" ಎಂದು ಹೇಳಿ ಹೋಗುತ್ತಿದ್ದರು. ಬಾಣಂತಿಗೂ ಕೂಸಿಗೂ ಎಣ್ಣೆ ತಿಕ್ಕಿ ನೀರೆರೆಯುವುದು ಆಕೆಯ ಹತ್ತೊಂಬತ್ತು ವರ್ಷದ ಕಸುಬು. ಮುಂಜಾನೆ ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿ, ಬಚ್ಚಲದಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡರೆ ಅದು ಅಳುವುದನ್ನು ಮರೆತು ತೂಕಡಿಸುತ್ತಿತ್ತು. ತಾಯಂದಿರಿಗೆ ಮಾತ್ರ ಅಂಥ ಸುಖ ಇರಲಿಲ್ಲ. ಕುದಿಯುವ ಹಂಡೆಯ ನೀರು ಬೆನ್ನ ಮೇಲೆ ಬಿದ್ದಾಗ ಚೀರಿದವರನ್ನು ಗದರಿಸಿ, ಹಳೇ ಸೀರೆಯಿಂದ ಉಸಿರು ಕಟ್ಟುವಂತೆ ಹೊಟ್ಟೆ ಕಟ್ಟಿ, ನೀರು ಕುಡಿಯಬೇಡ, ಗಾಳಿಗೆ ಕೂಡಬೇಡ ಎಂದು ಕಟ್ಟಪ್ಪಣೆ ಮಾಡಿ ಮುಂದಿನ ಮನೆಗೆ ಹೋಗುತ್ತಿದ್ದಳು. ಹೆಣ್ಣುಮಕ್ಕಳು ಆಕೆಗೆ ಹೆದರುತ್ತಿದ್ದರು, ಆದರೆ ಎರಡನೇ ಹೆರಿಗೆಗೂ ಆಕೆಯನ್ನೇ ಕರೆಯುತ್ತಿದ್ದರು.

ನಲವತ್ತೊಂದನೇ ವರ್ಷದಲ್ಲಿ ಆಕೆಯ ಮುಟ್ಟು ನಿಂತಿತು. ನಿಲ್ಲುವ ವಯಸ್ಸಾಯಿತು ಎಂದುಕೊಂಡು ಸುಮ್ಮನಿದ್ದಳು. ಬೇರೆಯವರ ಹೊಟ್ಟೆ ಮುಟ್ಟಿ ಇಷ್ಟು ತಿಂಗಳು ಎಂದು ಹೇಳುತ್ತಿದ್ದ ಕೈಗೆ ತನ್ನ ಹೊಟ್ಟೆಯ ಸುದ್ದಿ ತಿಳಿಯಲೇ ಇಲ್ಲ. ಬಿಸಿಲಿಗೆ ತಲೆ ತಿರುಗುತ್ತದೆ ಎಂದು ದವಾಖಾನೆಗೆ ಹೋದಾಗ ನರ್ಸಬಾಯಿ ಎರಡೆರಡು ಸಲ ಪರೀಕ್ಷೆ ಮಾಡಿ, "ಹನಮಂತವ್ವಾ, ನಿನಗ ನಾಕು ತಿಂಗಳಾ" ಎಂದು ನಕ್ಕಳು.

ಗಂಡ ಅಂದಾನಪ್ಪ ಊರಿಗೆ ನಳದ ನೀರು ಬಿಡುವವನು. ದೊಡ್ಡ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಓಣಿ ಓಣಿ ತಿರುಗಿ ವಾಲ್ವ್ ತಿರುಗಿಸುತ್ತಿದ್ದ. ಸುದ್ದಿ ಕೇಳಿ ಆ ದಿನ ಒಂದು ಓಣಿಗೆ ನೀರು ಬಿಡುವುದನ್ನೇ ಮರೆತ. ಮಗಳು ಮಂಜುಳಾ ಗದಗದ ಹತ್ತಿರ ನಾಗಾವಿಯ ಯುನಿವರ್ಸಿಟಿಯಲ್ಲಿ ಓದುತ್ತಿದ್ದಳು, ಇಪ್ಪತ್ತರ ಹುಡುಗಿ. ಫೋನಿನಲ್ಲಿ, "ಅವ್ವಾ, ನನ್ನ ಗೆಳತ್ಯಾರಿಗೆ ನಾ ಏನಂತ ಹೇಳಲಿ?" ಎಂದಳು. ಆದರೆ ಶನಿವಾರ ಚೀಲದ ತುಂಬ ದಾಳಿಂಬೆ ತಂದು, ಅವ್ವನ ಮುಂದೆ ಕೂತು ತಾನೇ ಬಿಡಿಸಿ ಕೊಟ್ಟಳು.

ಹೆರಿಗೆ ಸುಸೂತ್ರ ಆಯಿತು. ಹೆಣ್ಣು ಕೂಸು. ಮಂಜುಳಾ ಅದಕ್ಕೆ ಸಾನ್ವಿ ಎಂದು ಹೆಸರು ಆರಿಸಿದಳು. ಹನಮಂತವ್ವನ ನಾಲಗೆ ಅದಕ್ಕೆ ಹೊರಳದೆ ಸಾನವ್ವ ಆಯಿತು.

ಈಗ ಎರೆಯುವವಳಿಗೆ ಎರೆಯುವವರು ಯಾರು? ತಾಯಿ ಇಲ್ಲ, ಅತ್ತೆ ಇಲ್ಲ. ಮಂಜುಳಾಗೆ ಪರೀಕ್ಷೆ. ಊರಲ್ಲಿ ಈ ಕೆಲಸದವರು ಬೇರೆ ಇಬ್ಬರಿದ್ದರೂ ಅವರ ಕೈಗೆ ಮೈ ಕೊಡಲು ಆಕೆಗೆ ಮನಸ್ಸಿಲ್ಲ. ಐದನೇ ದಿನ ತಾನೇ ಬಚ್ಚಲಕ್ಕೆ ಹೋಗಿ ಕೂತಳು. ಹೊಟ್ಟೆಗೆ ಎಣ್ಣೆ ಮುಟ್ಟಿತು, ಕಾಲಿಗೆ ಮುಟ್ಟಿತು, ಬೆನ್ನಿಗೆ ಕೈ ಹೋಗಲಿಲ್ಲ. ತುಂಬಿದ ತಂಬಿಗೆ ಎತ್ತಿ ಹೆಗಲ ಮೇಲಿಂದ ಸುರಿಯಲು ಹೋದರೆ ನೀರೆಲ್ಲ ಮೂಗಿಗೆ ಬಂತು. ಏಳಲು ನೋಡಿದಳು, ನಡು ಏಳಲಿಲ್ಲ. ಗೋಡೆ ಹಿಡಿದು ಅಲ್ಲಿಯೇ ಕೂತಳು.

ಆ ಹೊತ್ತಿಗೆ ಮಗ್ಗುಲ ಮನೆಯ ಮುಮ್ತಾಜ ಮೆಣಸಿನ ಸಾರಿನ ಡಬ್ಬಿ ಹಿಡಿದು ಬಂದಳು. ಮನೆಯಲ್ಲಿಯೇ ಮಷಿನ್ ಇಟ್ಟುಕೊಂಡು ಜಂಪರ ಹೊಲಿಯುವವಳು, ಬಳೆ ವ್ಯಾಪಾರದ ಶಫೀಕನ ಹೆಂಡತಿ. ಆಕೆಯ ಎರಡೂ ಬಾಣಂತನ ಹನಮಂತವ್ವನ ಕೈಯಲ್ಲೇ ಆಗಿತ್ತು. ಬಚ್ಚಲದ ಬಾಗಿಲು ಸರಿಸಿ ನೋಡಿ, ಡಬ್ಬಿ ಕಟ್ಟೆಯ ಮೇಲಿಟ್ಟು, ದುಪಟ್ಟಾ ಸೊಂಟಕ್ಕೆ ಸುತ್ತಿಕೊಂಡಳು.

"ಅಕ್ಕಾ, ಅತ್ತಾಗ ತಿರಗಿ ಕುಂಡ್ರಿ."

"ನಿನಗೇನ ಗೊತ್ತಲೇ ಎರಿಯೂದು?"

"ಎರಡ ಸಲ ಎರಸ್ಕೊಂಡೇನಿ. ನಿಮ್ಮ ಕೈ ಎಲ್ಲೆಲ್ಲಿ ಹೋಗತಿತ್ತು ಅನ್ನೂದು ನನ್ನ ಬೆನ್ನಿಗೆ ಬಾಯಿಪಾಠ ಐತಿ."

ಮೊದಲ ತಂಬಿಗೆ ಬೀಳುತ್ತಲೇ ಹನಮಂತವ್ವ ಚೀರಿದಳು. "ಸುಡತೈತಿ! ಸಾಯಿಸ್ತೀ ಏನ?"

"ನಾ ಚೀರಿದಾಗ ನೀವ ಏನಂದಿದ್ರಿ? ನೀರ ಸುಡೂದಿಲ್ಲ, ನಿನ್ನ ತೊಗಲ ತೆಳ್ಳಗ ಐತಿ ಅಂದಿದ್ರಿ" ಎಂದು ಮುಮ್ತಾಜ ನಕ್ಕಳು. ಆದರೆ ಕೈ ಅದ್ದಿ ನೋಡಿ, ಎರಡು ತಂಬಿಗೆ ತಣ್ಣೀರು ಬೆರೆಸಿಯೇ ಮುಂದಿನದನ್ನು ಎರೆದಳು. ಆಕೆಯ ಸಣ್ಣ ಹೆಬ್ಬೆರಳು ಬೆನ್ನೆಲುಬಿನ ಎರಡೂ ಬದಿಗೆ ಒತ್ತುತ್ತ ಮೇಲಿನಿಂದ ಕೆಳಗೆ ಇಳಿಯಿತು. ಮಂಜುಳಾ ಹುಟ್ಟಿದಾಗ ಅತ್ತೆ ಎರೆದದ್ದೇ ಕೊನೆ, ಅಲ್ಲಿಂದ ಇಲ್ಲಿಯ ತನಕ ತನ್ನ ಬೆನ್ನನ್ನು ಯಾರೂ ಹೀಗೆ ಮುಟ್ಟಿರಲಿಲ್ಲ ಎನ್ನುವುದು ಹನಮಂತವ್ವನಿಗೆ ಆಗ ಹೊಳೆಯಿತು. ಮುಖದ ಮೇಲೆ ನೀರು ಇಳಿಯುತ್ತಲೇ ಇತ್ತಾದ್ದರಿಂದ ಅತ್ತದ್ದು ಕಾಣಲಿಲ್ಲ.

ನಲವತ್ತು ದಿನ ಮುಮ್ತಾಜ ತಪ್ಪದೆ ಬಂದಳು. ಎರೆದು, ಲೋಬಾನದ ಹೊಗೆ ಹಾಕಿ, ಅಳವಿ ಬೀಜದ ಪಾಯಸ ಕುಡಿಸಿ, ಹೊಲಿಗೆಗೆ ಓಡುತ್ತಿದ್ದಳು. ಹನಮಂತವ್ವನ ಬಣ್ಣ ತಿರುಗಿತು, ಹಾಲು ಇಳಿಯಿತು. ಹೊಟ್ಟೆ ಮಾತ್ರ ಐದು ತಿಂಗಳ ಬಸುರಿಯ ಹಾಗೆ ಮುಂದೆ ಬಂದು ನಿಂತೇ ಇತ್ತು. ಕೂಸು ನೋಡಲು ಬಂದ ಹಳೆಯ ಬಾಣಂತಿಯರು ಬಾಯಿ ಬಿಟ್ಟು ಕೇಳಿದರು: "ನಮ್ಮ ಹೊಟ್ಟಿ ಕಟ್ಟಿದಾಕಿ ನೀ, ನಿಂದ್ಯಾಕ ಹಿಂಗಾತು?" ಅದು ಚುಚ್ಚಿತು. ಸೀರೆಯನ್ನು ಇನ್ನೂ ಬಿಗಿದು ಕಟ್ಟಿದಳು. ಮೇಲೆ ಬಿಗಿದಷ್ಟೂ ಕೆಳಗೆ ಭಾರ ಜಗ್ಗಿದ ಹಾಗಾಗುತ್ತಿತ್ತು.

ಮೂರು ತಿಂಗಳಿಗೆ ಕೆಲಸಕ್ಕೆ ಹೊರಟಳು. ಬಜಾರದ ಕಿರಾಣಿ ಅಂಗಡಿಯವರ ಸೊಸೆ ಸುನಿತಾ ಹಡೆದಿದ್ದಳು. ಕೂಸಿಗೆ ಎರೆದದ್ದಾಯಿತು. ಬಾಣಂತಿಗೆ ಎಂದು ತುಂಬಿದ ಬಕೀಟು ಎತ್ತಿ ಒಂದು ಹೆಜ್ಜೆ ಇಟ್ಟಳು, ಅಷ್ಟರಲ್ಲಿ ಹೊಗೆಗೆ ಸೀನು ಬಂತು. ಕಾಲಿನ ಒಳಬದಿಗೆ ಮೂತ್ರ ಬೆಚ್ಚಗೆ ಇಳಿಯಿತು. ತಡೆಯಲು ನೋಡಿದರೆ ತಡೆಯುವ ಜಾಗವೇ ಅಲ್ಲಿ ಇದ್ದಂತಿರಲಿಲ್ಲ. ಬಚ್ಚಲದಲ್ಲಿ ಒದ್ದೆ ಸೀರೆಯನ್ನು ಯಾರು ಕೇಳುತ್ತಾರೆ? ಯಾರಿಗೂ ತಿಳಿಯಲಿಲ್ಲ. ಕೆಲಸ ಮುಗಿಸಿ, ಮನೆಯವರು ಕೊಟ್ಟ ಚಹಾ ಕುಡಿಯದೆ ಮನೆಗೆ ಬಂದಳು. ನಾಳೆಯಿಂದ ಬೇರೆಯವರನ್ನು ಕರೆದುಕೊಳ್ಳಿರಿ ಎಂದು ಹೇಳಿ ಕಳಿಸಿದಳು.

ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಐದನೆಯ ದಿನ ಮಧ್ಯಾಹ್ನ ಮುಮ್ತಾಜ ಗುಂಡಿ ಹಚ್ಚುತ್ತ ಕೂತಾಗ ತಡೆಯದೆ ಹೇಳಿಬಿಟ್ಟಳು. ಮುಮ್ತಾಜ ಸೂಜಿ ನಿಲ್ಲಿಸಿದಳು.

"ನನಗೂ ಐತ್ರಿ ಅಕ್ಕಾ. ಎರಡನೇದ್ದ ಆದಾಗಿಂದ. ನಾಕ ವರ್ಷಾತು. ಸೀನು ಬಂದ್ರ ಕಾಲ ಹೆಣಕೊಂಡ ನಿಂದರತೇನಿ."

"ನನಗೊಂದ ಮಾತ ಹೇಳಬಾರದಿತ್ತೇನ?"

"ಹೇಳಿದ್ನಲ್ರಿ. ಮೂವತ್ತನೇ ದಿನ, ಬಚ್ಚಲದಾಗ."

"ನಾ ಏನಂದೆ?"

ಮುಮ್ತಾಜ ದಾರ ಹಲ್ಲಿನಿಂದ ಕಡಿದಳು. "ಹಡದಾವ್ರಿಗೆಲ್ಲಾ ಇರೂದ, ಸುಮ್ಕಿರು ಅಂದ್ರಿ."

ಹನಮಂತವ್ವನಿಗೆ ಆ ಮಾತು ತನ್ನದೇ ಎಂದು ಗುರುತು ಸಿಕ್ಕಿತು. ಮುಮ್ತಾಜಳಿಗೆ ಅಷ್ಟೇ ಅಲ್ಲ, ಎಷ್ಟೋ ಜನಕ್ಕೆ ಅಂದಿದ್ದಳು. ಹೊಟ್ಟೆ ಜೋತುಬಿದ್ದಿದೆ ಎಂದವರಿಗೆ, ನಡು ನಿಲ್ಲುವುದಿಲ್ಲ ಎಂದವರಿಗೆ, ಅರ್ಧ ಹೇಳಿ ನಾಚಿಕೆಯಿಂದ ತುಟಿ ಕಚ್ಚಿದವರಿಗೆ. ಒಬ್ಬೊಬ್ಬರ ಮುಖ ಕಣ್ಣ ಮುಂದೆ ಬಂತು.

ಹಾದಿ ತೋರಿಸಿದವಳು ಮಂಜುಳಾ. ಆಕೆಯ ಹಾಸ್ಟೆಲಿನ ಗೆಳತಿಯ ಅಕ್ಕ ಸುಶ್ಮಿತಾ ಗದಗದಲ್ಲಿ ಫಿಜಿಯೋಥೆರಪಿ ಮಾಡುತ್ತಿದ್ದಳು. ಮರುವಾರ ಹನಮಂತವ್ವ ಕೂಸನ್ನು ಎತ್ತಿಕೊಂಡು, ಮುಮ್ತಾಜಳನ್ನು ಜೊತೆಗೆ ಕರೆದುಕೊಂಡು ಮುಳಗುಂದದ ಮೇಲೆ ಹೋಗುವ ಬಸ್ಸು ಹತ್ತಿದಳು. ಇಷ್ಟುದ್ದ ಹುಡುಗಿ ತನಗೆ ಏನು ಹೇಳಿಕೊಟ್ಟಾಳು ಎನ್ನುವ ಬಿಂಕ ಗದಗ ಮುಟ್ಟುವ ತನಕ ಇತ್ತು.

ಸುಶ್ಮಿತಾ ಆಕೆಯನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಚಿಸಿ, "ತಲಿ ಅಷ್ಟ ಸ್ವಲ್ಪ ಎತ್ರಿ ಅವ್ವಾರ" ಎಂದಳು. ಹೊಕ್ಕಳದ ಮೇಲೆ ಬೆರಳು ಅಡ್ಡ ಇಟ್ಟು ನೋಡಿ, ಹನಮಂತವ್ವನ ಬೆರಳನ್ನೇ ಹಿಡಿದು ಅಲ್ಲಿ ಇಡಿಸಿದಳು. ನಟ್ಟನಡುವೆ ಉದ್ದಕ್ಕೆ ಒಂದು ಮೆತ್ತಗಿನ ಸಂದು. ಮೂರು ಬೆರಳು ಇಳಿಯುವಷ್ಟು.

"ಬಸುರಿದ್ದಾಗ ಹೊಟ್ಟಿ ಸ್ನಾಯು ಎರಡೂ ಕಡೆ ಸರದಾವು. ಇನ್ನೂ ಪೂರಾ ಕೂಡಿಲ್ಲ. ಕೆಳಗಿನೂವೂ ಸಡ್ಲ ಆಗ್ಯಾವು. ಅದಕ್ಕ ಭಾರ ಎತ್ತಿದಾಗ ತಡಿಯೂದಿಲ್ಲ."

"ಬಿಗದ ಕಟ್ಟಿದ್ರ ಕೂಡೂದಿಲ್ಲೇನ್ರಿ?"

"ಹದಕ್ಕ ಕಟ್ಟಿದ್ರ ಆಸರಾ ಸಿಗತೈತಿ. ಅತೀ ಬಿಗದ್ರ ಕೆಳಗ ಒತ್ತತೈತಿ. ಹೆಂಗಿದ್ರೂ ಕೆಲಸಾ ಸ್ನಾಯುನ ಮಾಡಬೇಕಲ್ರಿ."

ಹತ್ತೊಂಬತ್ತು ವರ್ಷ ಅಷ್ಟು ಹೊಟ್ಟೆಗಳಿಗೆ ಎಣ್ಣೆ ತಿಕ್ಕಿದ ಬೆರಳು ಆ ಸಂದನ್ನು ಎಷ್ಟು ಸಲ ದಾಟಿ ಹೋಗಿರಬೇಕು! ಹನಮಂತವ್ವ ಬೆರಳು ತೆಗೆಯಲೇ ಇಲ್ಲ. ಸುಶ್ಮಿತಾ ಮೂರು ವ್ಯಾಯಾಮ ಹೇಳಿಕೊಟ್ಟಳು: ಉಸಿರು ಬಿಡುತ್ತ ಹೊಟ್ಟೆಯನ್ನು ಮೆಲ್ಲಗೆ ಬೆನ್ನಿನತ್ತ ಎಳೆಯುವುದು, ಮೂತ್ರ ತಡೆದಂತೆ ಕೆಳಗೆ ಬಿಗಿದು ಬಿಡುವುದು, ಮಲಗಿ ಸೊಂಟ ಎತ್ತಿ ಇಳಿಸುವುದು. ದಿನಕ್ಕೆ ಮೂರು ಹೊತ್ತು. ತುಂಬಿದ ಕೊಡ, ಬಕೀಟು ಸದ್ಯಕ್ಕೆ ಮುಟ್ಟಬಾರದು. ಮುಮ್ತಾಜಳನ್ನೂ ನೋಡಿ ಅದನ್ನೇ ಹೇಳಿದಳು.

ಬಸ್ಸಿನಲ್ಲಿ ಮುಮ್ತಾಜ ಕಿವಿಯಲ್ಲಿ ಕೇಳಿದಳು. "ಆ ಎರಡನೇದ್ದ ನನಗ ತಿಳೀಲಿಲ್ರಿ."

"ಎಲಿಅಡಿಕಿ ಸಂಚಿ ನೋಡೀಯಿಲ್ಲೋ? ದಾರ ಎಳದ್ರ ಬಾಯಿ ಮುಚ್ಚಿ ಮ್ಯಾಲ ಬರತೈತಲ್ಲಾ, ಹಂಗ."

ಮುಮ್ತಾಜ ಕೂತಲ್ಲೇ ಹಾಗೆ ಮಾಡಿ ನೋಡಿದಳು. ಕಣ್ಣು ಅರಳಿತು. "ಹೌದ್ರಿ, ಆತ್ರಿ!" ಎಂದಳು. ಮುಂದಿನ ಸೀಟಿನವರು ತಿರುಗಿ ನೋಡಿದರು.

ಅಂದಿನಿಂದ ದಿನಾ ಮಧ್ಯಾಹ್ನ ಮುಮ್ತಾಜಳ ಮನೆಯ ಒಳಕೋಣೆಯಲ್ಲಿ ಎರಡು ಕೌದಿ ಹಾಸಿರುತ್ತಿದ್ದವು. ಬಾಗಿಲಿಗೆ ಚಿಲಕ. ನಡುವೆ ಕೈಕಾಲು ಆಡಿಸುತ್ತ ಸಾನವ್ವ. ಸೊಂಟ ಎತ್ತುವಾಗ ಯಾರಾದರೊಬ್ಬರಿಗೆ ನಗು ಬಂದು ಇಬ್ಬರೂ ದೊಪ್ಪನೆ ಬೀಳುತ್ತಿದ್ದರು. ಊಟಕ್ಕೆ ಬಂದ ಶಫೀಕ ಒಮ್ಮೆ ಬಾಗಿಲು ಬಡಿದು, "ಏನ್ ನಡಸೀರಿ ಒಳಗ?" ಎಂದ. "ಗರಡಿಮನಿ ತಗದೇವಿ, ಗಂಡಸರಿಗೆ ಬಂದ್ ಐತಿ" ಎಂದಳು ಹನಮಂತವ್ವ.

ಬರಬರುತ್ತ ಎಲ್ಲಿ ಬೇಕಾದರೂ ಮಾಡುವುದು ರೂಢಿಯಾಯಿತು. ಒಲೆಯ ಮುಂದೆ ಕೂತು ರೊಟ್ಟಿ ಬೇಯಿಸುವಾಗ ಹನಮಂತವ್ವನ ಮುಖ ಒಮ್ಮೆಲೇ ಗಂಭೀರ ಆಗುತ್ತಿತ್ತು.

"ಯಾಕ, ಏನಾತು?" ಎಂದು ಅಂದಾನಪ್ಪ ಗಾಬರಿಯಾದ.

"ಕೆಲಸಾ ಮಾಡಾಕತ್ತೇನಿ. ಸುಮ್ನ ಊಟಾ ಮಾಡ್ರಿ."

ಊರಿಗೆಲ್ಲ ನೀರು ಬಿಡುವ ಆ ಮನುಷ್ಯ ತನ್ನ ಮನೆಯಲ್ಲಿ ಒಂದು ಕೊಡ ಎತ್ತಿದವನಲ್ಲ. ಸುಶ್ಮಿತಾ ಹೇಳಿದ್ದನ್ನು ಮಂಜುಳಾ ಫೋನಿನಲ್ಲಿ ಬಿಡಿಸಿ ಹೇಳಿದ ಮೇಲೆ ಅವನೇ ನಳಕ್ಕೆ ಪಾಳಿ ಹಚ್ಚಿ ಕೊಡ ತುಂಬತೊಡಗಿದ. ಓಣಿಯವರು ನಕ್ಕರೆ, "ನೀರ ಬಿಡಾಂವ ನಾ, ತುಂಬಾಂವ ನಾ. ನಿಮಗೇನು?" ಎನ್ನುತ್ತಿದ್ದ.

ಮೂರು ತಿಂಗಳು ಕಳೆಯುವ ಹೊತ್ತಿಗೆ ಸಂದಿನಲ್ಲಿ ಒಂದೇ ಬೆರಳು ಇಳಿಯುವಷ್ಟಾಯಿತು. ಸೀನು ಬಂದರೆ ಸೀನಿ ಮುಗಿಸಿ ಕೆಲಸ ನೋಡಬಹುದಾಗಿತ್ತು. ಉಸಿರು ಬಿಡುತ್ತ ಅರ್ಧ ಬಕೀಟು ಎತ್ತಿದಳು, ಏನೂ ಆಗಲಿಲ್ಲ. ಹೊಟ್ಟೆ ಪೂರಾ ಒಳಗೆ ಹೋಗಲಿಲ್ಲ. ಚರ್ಮದ ಮೇಲೆ ಗೆರೆಗಳು ಉಳಿದವು, ಹಳೇ ಜಂಪರಗಳನ್ನು ಮುಮ್ತಾಜ ಬಿಚ್ಚಿ ಅಗಲ ಮಾಡಿಕೊಟ್ಟಳು. ಹನಮಂತವ್ವನಿಗೆ ಅದರ ಚಿಂತೆ ಆಗಲಿಲ್ಲ. ಮೈ ತನ್ನ ಮಾತು ಕೇಳತೊಡಗಿತ್ತಲ್ಲ, ಅದೇ ದೊಡ್ಡದಾಗಿತ್ತು.

ಮತ್ತೆ ಕೆಲಸಕ್ಕೆ ಕರೆದವರು ಶಿರಹಟ್ಟಿ ರಸ್ತೆಯ ಮನೆಯ ಅಮೃತವ್ವ. ಅರವತ್ತು ದಾಟಿದ ಯಜಮಾನಿ. ಅವರ ಸೊಸೆಯದು ಚೊಚ್ಚಲು. ಹನಮಂತವ್ವ ಹಂಡೆಯ ನೀರನ್ನು ಮೊಣಕೈಗೆ ಹಾಕಿ ನೋಡಿದಳು, ಬಕೀಟನ್ನು ಅರ್ಧರ್ಧ ಮಾಡಿ ಎರಡು ಸಲ ಒಯ್ದಳು. ಎರೆದಾದ ಮೇಲೆ ಸೊಸೆಯ ಕೈಗೆ ಒಂದು ತಂಬಿಗೆ ಕುಡಿಯುವ ನೀರು ಕೊಟ್ಟಳು.

"ಅಯ್ಯ, ಬಾಣಂತಿಗೆ ನೀರ ಕುಡಸ್ತೀ? ಹ್ವಾದ ಸಲ ನಮ್ಮ ಮಗಳ ಬಾಣಂತನದಾಗ ನೀನ ಬ್ಯಾಡ ಅಂತಿದ್ದಿ" ಎಂದರು ಅಮೃತವ್ವ.

"ಹ್ವಾದ ಸಲ ನನಗ ತಿಳೀತಿದ್ದಿಲ್ರಿ, ಅಂದಿದ್ದೆ. ಹಾಲ ಉಣಸಾಕಿಗೆ ನೀರ ಬೇಕಂತ ಡಾಕ್ಟರ ಹೇಳ್ಯಾರ, ಕುಡೀಲಿ."

ಅಮೃತವ್ವನಿಗೆ ಸಮಾಧಾನ ಆಗಲಿಲ್ಲ. ಆದರೂ ಬಾಗಿಲ ಹತ್ತಿರ ಕೂತು ನೋಡಿದರು. ಹನಮಂತವ್ವ ಸೊಸೆಯನ್ನು ಚಾಪೆಯ ಮೇಲೆ ಮಲಗಿಸಿ, ಪಕ್ಕದಲ್ಲಿ ಕೂತು, ದನಿ ತಗ್ಗಿಸಿ ಎಲ್ಲ ಕೇಳಿದಳು. ಸೀನಿದರೆ ಹೇಗೆ, ಕೆಮ್ಮಿದರೆ ಹೇಗೆ, ನಡುವಿನಲ್ಲಿ ಬಲ ಇದೆಯೋ ಇಲ್ಲವೋ. ಹುಡುಗಿ ಮೊದಲು ನಾಚಿದಳು, ಆಮೇಲೆ ಒಂದೊಂದಾಗಿ ಹೇಳಿದಳು. "ಈಗ ಬರೇ ಉಸಿರಿಂದಷ್ಟ ಮಾಡು, ಉಳದದ್ದ ಡಾಕ್ಟರನ್ನ ಕೇಳಿ ಮುಂದ ನೋಡೂಣು. ಆದ್ರ ತಿಳಕೊಂಡಿರು" ಎಂದು ಹನಮಂತವ್ವ ಸಂಚಿಯ ದಾರದ ಮಾತು ಹೇಳಿದಳು.

ಕೂಸನ್ನು ತೊಟ್ಟಿಲಿಗೆ ಹಾಕಲು ಸೊಸೆ ಒಳಗೆ ಹೋದಳು. ಅಮೃತವ್ವ ಅತ್ತ ಇತ್ತ ನೋಡಿ ಎದ್ದು ಬಂದು ಬಚ್ಚಲದ ಬಾಗಿಲು ಅರ್ಧ ಮುಂದೆ ಮಾಡಿದರು.

"ಹನಮಂತವ್ವಾ, ಇದು ನನ್ನಂಥಾಕಿಗೂ ಆಗತೈತೇನ? ನಮ್ಮ ಸಣ್ಣಾಂವ ಹುಟ್ಟಿದಾಗಿಂದ ಐತಿ. ಮೂವತ್ತ ವರ್ಷಾತು. ಒಂದ ಮದವಿ ಇಲ್ಲ, ಒಂದ ಊರಿಲ್ಲ, ಎಲ್ಲೂ ನಿಶ್ಚಿಂತಿಲೆ ಕುಂತಾಕಿಲ್ಲ ನಾ."

ಹನಮಂತವ್ವ ಸೆರಗಿನಿಂದ ಕೈ ಒರೆಸಿಕೊಂಡಳು. "ಮಲಗ್ರಿ, ಹೇಳತೇನಿ. ಗದಗಿಗೂ ಒಮ್ಮೆ ಕರಕೊಂಡ ಹೋಗತೇನಿ. ನಾನೂ ಬರಾಕಿ ಅದೇನಿ."

ಅಮೃತವ್ವ ಮೊಣಕಾಲು ಹಿಡಿದು ಮೆಲ್ಲಗೆ ಚಾಪೆಯ ಮೇಲೆ ಅಡ್ಡಾದರು. ಒಳಗೆ ಕೂಸು ಹಸಿದು ಅಳತೊಡಗಿತು. ಆ ಅಳು ಕೇಳಿ ಹನಮಂತವ್ವನ ಎದೆಯಲ್ಲೂ ಹಾಲು ಜುಂ ಎಂದು ಇಳಿಯಿತು. ಯಜಮಾನಿಗೆ ಉಸಿರು ಎಳೆದು ಬಿಡುವುದನ್ನು ಹತ್ತು ಸಲ ಮಾಡಿಸಿ, ಸೆರಗು ಬಿಗಿಯಾಗಿ ಹೊದ್ದು, ಮುಮ್ತಾಜಳ ಹತ್ತಿರ ಬಿಟ್ಟು ಬಂದ ಸಾನವ್ವಗೆ ಹಾಲು ಕೊಡುವ ಹೊತ್ತು ಮೀರಿತು ಎಂದು ಆಕೆ ಬಿಸಿಲಿನಲ್ಲಿ ಜಲ್ದಿ ಜಲ್ದಿ ಹೆಜ್ಜೆ ಹಾಕಿದಳು.