ಮಳೆಯಲ್ಲಿ ಆರಿಸುವ ತಂತಿ

ಪಾಲಿಬೆಟ್ಟದ ಕಾಫಿತೋಟದ ದೊರೆಗಳ ಕ್ಲಬ್ಬಿನಲ್ಲಿ, ಬ್ಯಾಂಡಿನ ಮುದುಕರೊಬ್ಬರು ಆಳೆತ್ತರದ ಪಿಟೀಲಿನಂಥ ಡಬಲ್ ಬಾಸ್ ನುಡಿಸುತ್ತಿದ್ದರು. ನಾನಲ್ಲಿ ಲೆಕ್ಕ ಬರೆಯುವ ರೈಟರ್. ಕುರಿಯ ಕರುಳಿನ ತಂತಿಗಳು ಬೇಸಿಗೆಯಲ್ಲೇ ಬಂದರೂ ಅವರು ಆಗಲೇ ಒಳ್ಳೆಯದನ್ನು ಆರಿಸಿಕೊಳ್ಳುತ್ತಿರಲಿಲ್ಲ.

"ಬಿಸಿಲಲ್ಲಿ ಎಲ್ಲ ತಂತಿಯೂ ಒಳ್ಳೇದೇ ರೈಟ್ರೇ. ಥಂಡಿಗೆ ಸಡಿಲ ಆಗದ್ದು ಬೇಕು. ಮಳೆ ಬರ್ಲಿ," ಎನ್ನುವರು.

ಮಳೆ ಹಿಡಿದ ಮೇಲೆ ತಗಡಿನ ಮಾಡಿನ ಕೆಳಗೆ ಒಂದೊಂದನ್ನೇ ಬಿಗಿದು, ಕಣ್ಣು ಮುಚ್ಚಿ ಮೀಟುವರು. ಹೆಚ್ಚಿನವನ್ನು ತಲೆಯಾಡಿಸಿ ಬಿಚ್ಚಿಬಿಡುವರು.

ಅವರು ಅಲ್ಲಿದ್ದ ಕೊನೆಯ ವರ್ಷ ಮೋಡ ಕಟ್ಟಿದ್ದು ಕಂಡು ತಂತಿ ಬಿಗಿದರು. ಬಾಸಿನ ಕತ್ತು ಹಿಡಿದು, ಕಣ್ಣು ಮುಚ್ಚಿ, ತಗಡಿನ ಮೇಲೆ ಮಳೆಯ ಸದ್ದು ಕೇಳಲೆಂದು ಕಾದು ನಿಂತರು. ಮಳೆ ಬಂತು. ತಗಡು ಒಡೆಯುವ ಹಾಗೆ ಸುರಿಯಿತು. ಅವರ ಬೆರಳು ಏಳಲಿಲ್ಲ. ಹತ್ತಿರ ಹೋಗಿ ಭುಜ ಮುಟ್ಟಿದೆ.

ಕಣ್ಣು ತೆರೆಯದೆಯೇ ಹೇಳಿದರು: "ತಡೀರಿ ರೈಟ್ರೇ. ಮಳೆ ಬರ್ಲಿ."