ಸುಣ್ಣ ಹಚ್ಚದ ಎಲೆ

ತಿಪ್ಪಣ್ಣನವರೇ, ಆ ಸುಣ್ಣದ ಡಬ್ಬಿಯನ್ನು ಕದ್ದವನು ನಾನು. ನೀವಲ್ಲ ಎಂಬುದು ನಿಮಗೆ ಗೊತ್ತು. ನಾನೇ ಎಂಬುದೂ ಗೊತ್ತಿತ್ತೇನೋ — ಅಂದು ನೀವು ನನ್ನ ಮುಖ ನೋಡಿದ್ದು ನೆನಪಾದರೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ.

ನನಗೆ ಹಳೆಯ ಸುಣ್ಣದ ಡಬ್ಬಿಗಳ ಹುಚ್ಚು. ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಕೆಲಸ. ಜಗಳೂರು, ಹೊನ್ನಾಳಿ, ಕೊನೆಗೆ ಈ ಚನ್ನಗಿರಿ — ವರ್ಗವಾದಲ್ಲೆಲ್ಲ ಹಳ್ಳಿ ಸುತ್ತುತ್ತಿದ್ದೆ. ಕರು ಬದುಕಿಸಿಕೊಟ್ಟರೆ ಅಜ್ಜಿಯರು ಎಲೆಚೀಲದಿಂದ ತೆಗೆದು ಕೊಟ್ಟುಬಿಡುತ್ತಿದ್ದರು. ಬೇಡಿ ತಂದದ್ದಿತ್ತು, ಕೊಂಡು ತಂದದ್ದಿತ್ತು... ಕದ್ದದ್ದು ಒಂದೇ. ಒಂದೇ ಎಂದರೆ ಕಡಿಮೆಯಾದೀತೇ?

ಎಪ್ಪತ್ತರ ದಶಕದ ಆರಂಭ. ನ್ಯಾಮತಿಯ ನನ್ನ ತಮ್ಮನ ಮನೆಯಲ್ಲಿ ಅವನ ಮಗನಿಗೂ ನಿಮ್ಮ ಅಕ್ಕನ ಮಗಳು ರತ್ನಳಿಗೂ ನಿಶ್ಚಿತಾರ್ಥ. ಊಟ ಮುಗಿಸಿ ಗಂಡಸರೆಲ್ಲ ಜಮಖಾನದ ಮೇಲೆ ಸಾಲಾಗಿ ಕೂತಿದ್ದೆವು. ಎಲೆ ಅಡಿಕೆಯ ತಟ್ಟೆ ಬಂತು. ಹಿಂದೆಯೇ ನಮ್ಮ ಕಡೆಯ ಹಿರಿಯರೊಬ್ಬರ ಡಬ್ಬಿ ಕೈಯಿಂದ ಕೈಗೆ ದಾಟುತ್ತ ಬಂತು — ಹಿತ್ತಾಳೆಯದು, ಮುಚ್ಚಳದ ಮೇಲೆ ಪುಟ್ಟ ಗಿಣಿ. ಅಂಥದ್ದು ನನ್ನಲ್ಲಿರಲಿಲ್ಲ. ಪಕ್ಕದಲ್ಲಿ ನೀವು, ಜಗಳೂರು ಕಡೆಯ ಸೊಕ್ಕೆಯಿಂದ ಬಂದ ಸೋದರಮಾವ, ಎಲೆಯ ತೊಟ್ಟು ಮುರಿದು ಅಂಗೈ ಮೇಲಿಟ್ಟುಕೊಂಡು ಸುಣ್ಣಕ್ಕೆ ಕಾಯುತ್ತಿದ್ದಿರಿ. ಯಾರೋ ಮಾತಾಡಿಸಿದರು, ನೀವು ಆ ಕಡೆ ತಿರುಗಿದಿರಿ. ಡಬ್ಬಿ ನನ್ನ ಜುಬ್ಬದ ಜೇಬಿಗಿಳಿಯಿತು.

"ಎಲ್ರಿ ನನ್ನ ಡಬ್ಬಿ?" ಎಂದು ಹಿರಿಯರು ಕೇಳಿದರು.

"ಆಗ್ಲೇ ಇವರ ಕೈಗೆ ಕೊಟ್ನಲ್ರೀ" ಎಂದೆ ನಾನು.

ಥೂ, ಎಷ್ಟು ಸಲೀಸಾಗಿ ಬಂತು ಆ ಮಾತು! "ಜಗಳೂರು ಸೀಮೆಯೋರಿಗೆ ಸುಣ್ಣಕ್ಕೂ ಬರ ಐತೇನ್ರೀ?" ಎಂದು ಯಾರೋ ನಕ್ಕರು. ನಾನೂ ನಕ್ಕೆ. ನೀವು ಎದ್ದು ನಿಂತು ಟವೆಲ್ ಕೊಡವಿದಿರಿ, ಅಂಗಿಯ ಜೇಬು ಹೊರಗೆಳೆದು ತೋರಿಸಿದಿರಿ. "ಕಣ್ಣಾರೆ ನೋಡ್ಕಳ್ರೀ. ಹೆಣ್ಣು ಕೊಡಾಕೆ ಬಂದೀವಿ, ಕದಿಯಾಕಲ್ಲ." ನಿಮ್ಮ ಅಂಗೈಯಲ್ಲಿ ಎಲೆ ಹಾಗೇ ಇತ್ತು, ಸುಣ್ಣದ ಗುರುತೇ ಇಲ್ಲದೆ. ಡಬ್ಬಿ ನಿಮ್ಮ ಕೈಗೆ ಬಂದೇ ಇರಲಿಲ್ಲ ಎಂದು ಅದನ್ನು ನೋಡಿದ ಯಾರಿಗಾದರೂ ತಿಳಿಯುತ್ತಿತ್ತು. ನಾನು ನೋಡಿದೆ — ಬಾಯಿ ಬಿಡಲಿಲ್ಲ. ನೀವು ಎಲೆಯನ್ನು ತಟ್ಟೆಗೆ ವಾಪಸ್ ಇಟ್ಟು ಹೊರಟುಹೋದಿರಿ.

ಮದುಮಗಳನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಮದುವೆಗೆ ನೀವು ಬರಲಿಲ್ಲ. ಬೇರೆ ಯಾರೋ ಕರೆತಂದರು. ಆಮೇಲೂ ಆ ಮನೆಯ ಹೊಸ್ತಿಲು ನೀವು ತುಳಿಯಲಿಲ್ಲ.

ಅಂದೇ ಈ ಹುಚ್ಚು ನಿಲ್ಲಬೇಕಿತ್ತು. ನಿಲ್ಲಲಿಲ್ಲ — ಇನ್ನಷ್ಟು ಕೂಡಿಹಾಕಿದೆ. ರಾಶಿಯ ನಡುವೆ ಆ ಒಂದು ಕಾಣದಿರಲಿ ಎಂದೇ... ಹೌದು, ಅದಕ್ಕೇ. ಬಿಸಿ ತುಪ್ಪದಂತೆ ನುಂಗಲೂ ಆಗದೆ ಉಗುಳಲೂ ಆಗದೆ ವರ್ಷಗಳು ಕಳೆದವು. ರಿಟೈರಾದ ಮೇಲೆ ಹೆಂಡತಿ ದಿನಾ ಅನ್ನತೊಡಗಿದಳು, "ಸಾಕು ಮಾಡ್ರೀ ಇನ್ನ. ಹೋಗಾಗ ಹೊತ್ಕೊಂಡು ಹೋಗ್ತೀರೇನು?" ವಯಸ್ಸಾದವನು ಯಾವಾಗ ಸಾಕು ಎನ್ನಬೇಕು? ಕಣ್ಣು ಮಂಜಾದಾಗಲೇ, ಕಪಾಟು ತುಂಬಿದಾಗಲೇ? ನನಗೆ ತಿಳಿಯಲಿಲ್ಲ. ಆದರೂ ಈ ವರ್ಷ ಒಂದೊಂದಾಗಿ ಕೊಟ್ಟುಬಿಟ್ಟೆ — ಕೇಳಿದವರಿಗೆ, ಹಿಂದೆ ನನಗೆ ಕೊಟ್ಟ ಅಜ್ಜಿಯರ ಮೊಮ್ಮಕ್ಕಳಿಗೆ. ಕಪಾಟು ಬರಿದಾಯಿತು. ಗಿಣಿಯ ಡಬ್ಬಿಯೊಂದೇ ಉಳಿಯಿತು. ಬಾಗಿಲು ತೆರೆದರೆ ಅದೇ, ಮುಚ್ಚಿದರೂ ಅದೇ.

ನಿನ್ನೆ ನ್ಯಾಮತಿಗೆ ಹೋಗಿ ಅದನ್ನು ರತ್ನಳ ಮುಂದಿಟ್ಟು ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. "ತಾಳಿ ಕಟ್ಟೋ ತನಕ ಬಾಗಿಲ ಕಡೀಗೇ ನೋಡ್ತಿದ್ದೆ ದೊಡ್ಡಮಾವ, ನಮ್ಮ ಮಾವ ಬರ್ತಾನೆ ಅಂತ" ಎಂದಳು. ಆಮೇಲೆ ಎದ್ದು ಒಳಗೆ ಹೋದಳು. ಡಬ್ಬಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡು ಹೊರಟೆ. ಅಳಲು ನನಗೇನು ಹಕ್ಕು? ಆದರೂ ಬಸ್ಸಿನಲ್ಲಿ ಅತ್ತೆ.

ಸೋಮವಾರ ಸೊಕ್ಕೆಗೆ ಬರುತ್ತೇನೆ. ಅಂದು ಆ ಸಾಲಿನಲ್ಲಿ ಕೂತು ನಕ್ಕವರಲ್ಲಿ ಬದುಕಿರುವವರನ್ನೆಲ್ಲ ಕರೆತರುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಅವರೆಲ್ಲರ ಎದುರು ನಿಮ್ಮಂತೆಯೇ ಎದ್ದು ನಿಂತು ನನ್ನ ಜೇಬು ಹೊರಗೆಳೆಯುತ್ತೇನೆ — ಡಬ್ಬಿ ಅದರಲ್ಲಿರುತ್ತದೆ.