ಕಿವಿ ಕೇಳದವರು ಹಿಡಿದ ಸೋರಿಕೆ

ಪೀಣ್ಯದ ಗ್ಯಾರೇಜಿನಲ್ಲಿ ಹಿರಿಯರೊಬ್ಬರು ಅಂಗೈಯನ್ನು ಬಕೆಟ್ ನೀರಿಗೆ ಅದ್ದಿ, ಗುಡುಗುತ್ತಿದ್ದ ನನ್ನ ಪಿಕಪ್ಪಿನ ಎಂಜಿನ್ ಬಳಿ ಹಿಡಿದು ಕಣ್ಣು ಮುಚ್ಚಿದರು. ಶಕ್ತಿ ಹೆಚ್ಚಲೆಂದು ಎಂಜಿನ್ ಟ್ಯೂನ್ ಮಾಡಿಸಿದ ಮೇಲೆ ಗಾಡಿ ಖಾಲಿಯಿದ್ದರೂ ಫ್ಲೈಓವರ್ ಹತ್ತಲು ಏದುಸಿರು ಬಿಡುತ್ತಿತ್ತು. ಲ್ಯಾಪ್‌ಟಾಪ್ ಜೋಡಿಸಿ ನೋಡಿದ ಮೆಕ್ಯಾನಿಕ್ ಸೋತು, ಪಕ್ಕದ ಶೆಡ್ಡಿನಿಂದ ಇವರನ್ನು ಕರೆತಂದಿದ್ದ. ತಗಡು ಒತ್ತುವ ಪವರ್ ಪ್ರೆಸ್ಸಿನ ಸದ್ದಿಗೆ ಇವರ ಎರಡೂ ಕಿವಿ ಹೋಗಿವೆ ಎಂದು ತಿಳಿದಾಗ ನಾನು ಒಳಗೊಳಗೇ ನಕ್ಕಿದ್ದೆ.

ಎಂಜಿನ್ನಿಗೆ ಒತ್ತಡದ ಗಾಳಿ ಒಯ್ಯುವ ಟರ್ಬೊ ಪೈಪಿನ ಅಡಿಯಲ್ಲಿ ಅವರ ಕೈ ನಿಂತಿತು. "ಇಲ್ಲಿ ಒದ್ದೆ ಕೈಗೆ ಗಾಳಿ ತಾಕ್ತಿದೆ ಸಾರ್. ಪ್ರೆಶರ್ ಜಾಸ್ತಿ ಮಾಡ್ಸಿದೀರ, ಹಳೇ ಪೈಪ್ ತಡ್ಕೊಂಡಿಲ್ಲ." ಬಿಚ್ಚಿ ನೋಡಿದರೆ ಕೂದಲೆಳೆಯಷ್ಟು ಸೀಳು! ಹೊಸ ಪೈಪ್ ಹಾಕಿದ ಮೇಲೆ ಅವರು ಬಾನೆಟ್ ಮೇಲೆ ಅಂಗೈಯಿಟ್ಟು, "ಈಗ ಸರಿಯಾಯ್ತು" ಎಂದರು.

ಅಂದಿನಿಂದ ಗಾಡಿ ಸ್ಟಾರ್ಟ್ ಮಾಡಿದಾಗಲೆಲ್ಲ ನಾನೂ ಬಾನೆಟ್ ಮೇಲೆ ಅಂಗೈಯಿಡುತ್ತೇನೆ. ನನ್ನ ಅಂಗೈಗೆ ಇನ್ನೂ ಏನೂ ಕೇಳಿಸಿಲ್ಲ.